ಉಪ್ಪಿನಲ್ಲೂ ಕೆಲಸ ಮಾಡುವ ಔಷಧಿ: ಸವಳು ಮಣ್ಣಿನ ಬ್ಯಾಕ್ಟೀರಿಯಾ ಯಾಕೆ ಮುಖ್ಯ?

ಕಳೆದ ವರ್ಷ ನಮ್ಮ ಮಾವನವರು ಹನ್ನೊಂದು ದಿನ ಐಸಿಯುನಲ್ಲಿದ್ದರು. ಮೂತ್ರದ ಸೋಂಕು ರಕ್ತಕ್ಕೆ ಹರಡಿತ್ತು. ಮೂರನೇ ದಿನ ಕಲ್ಚರ್ ರಿಪೋರ್ಟ್ ಕೈಗೆ ಬಂತು. ಔಷಧಿಗಳ ಹೆಸರು ಒಂದರ ಕೆಳಗೊಂದು, ಪ್ರತಿಯೊಂದರ ಮುಂದೆ ಒಂದು ಅಕ್ಷರ. ಎಸ್ ಅಂದರೆ ಔಷಧಿ ನಾಟುತ್ತದೆ. ಆರ್ ಅಂದರೆ ನಾಟುವುದಿಲ್ಲ. ಬೆರಳಿಟ್ಟು ಓದುತ್ತಾ ಹೋದೆ. ಆರ್, ಆರ್, ಆರ್. ಪಟ್ಟಿಯ ತಳದಲ್ಲಿ ಕೊಲಿಸ್ಟಿನ್ ಇತ್ತು. ಅದರ ಮುಂದೆ ಮಾತ್ರ ಐ ಅಂತ ಬರೆದಿತ್ತು. ಐ ಅಂದರೆ ಇಂಟರ್ಮೀಡಿಯೆಟ್, ಅತ್ತಲೂ ಅಲ್ಲ ಇತ್ತಲೂ ಅಲ್ಲ.

"ಇದಕ್ಕಾದರೂ ಎಸ್ ಯಾಕಿಲ್ಲ?" ಅಂತ ಡ್ಯೂಟಿಯಲ್ಲಿದ್ದ ಡಾಕ್ಟರನ್ನು ಕೇಳಿದೆ. ಕೊಲಿಸ್ಟಿನ್‌ಗೆ ಈಗ ಎಸ್ ಅಂತ ಕೊಡುವುದೇ ಇಲ್ಲ, ಐ ಬಂದರೆ ಅದೇ ಒಳ್ಳೆ ಸುದ್ದಿ ಅಂದರು. ಆಮೇಲೆ ಓದಿದಾಗ ಗೊತ್ತಾಯಿತು. ಲ್ಯಾಬ್‌ಗಳು ಅನುಸರಿಸುವ ಸಿಎಲ್‌ಎಸ್‌ಐ ಮಾನದಂಡ 2020ರಲ್ಲಿ ಕೊಲಿಸ್ಟಿನ್‌ಗೆ ಎಸ್ ಎಂಬ ವರ್ಗವನ್ನೇ ತೆಗೆದುಹಾಕಿತ್ತು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಸತ್ತರೂ ರೋಗಿಯ ಮೈಯಲ್ಲಿ ಈ ಔಷಧಿ ಅಷ್ಟು ಭರವಸೆಯಿಂದ ಕೆಲಸ ಮಾಡುವುದಿಲ್ಲ ಎಂಬುದೇ ಕಾರಣ.

ಕೊಲಿಸ್ಟಿನ್ ಹುಟ್ಟಿದ್ದು ಕೆಮಿಸ್ಟ್ರಿ ಲ್ಯಾಬಿನಲ್ಲಲ್ಲ. ಮಣ್ಣಿನಲ್ಲಿ, ಗಿಡದ ಬೇರಿನ ಸುತ್ತ ಬದುಕುವ ಪೇನಿಬ್ಯಾಸಿಲಸ್ ಪಾಲಿಮಿಕ್ಸಾ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಪೆಪ್ಟೈಡ್, ಅಂದರೆ ಪ್ರೋಟೀನಿನ ಜಾತಿಯ ಸಣ್ಣ ಅಣು ಅದು. 1940ರ ದಶಕದ ಕೊನೆಗೆ ಜಪಾನಿನಲ್ಲಿ ಸಿಕ್ಕಿತು. ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತ 1970ರ ದಶಕದ ಹೊತ್ತಿಗೆ ವೈದ್ಯರು ಅದನ್ನು ಬದಿಗಿಟ್ಟಿದ್ದರು. ಬೇರೆ ಔಷಧಿಗಳು ಒಂದೊಂದಾಗಿ ಸೋತ ಮೇಲೆ ಮತ್ತೆ ಕೈಗೆತ್ತಿಕೊಂಡರು. ನಮ್ಮ ಮಾವನವರಿಗೆ ಕೊಟ್ಟದ್ದೂ ಅದನ್ನೇ. ಪ್ರತಿ ಬೆಳಿಗ್ಗೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಿಪೋರ್ಟಿಗೆ ಕಾಯುತ್ತಿದ್ದೆವು. ಅದು ಏರುತ್ತಲೇ ಇತ್ತು. ಸೋಂಕು ಹೋಯಿತು, ಕಿಡ್ನಿ ಸುಧಾರಿಸಲು ತಿಂಗಳುಗಳೇ ಹಿಡಿದವು.

ಅಂದರೆ ನಮ್ಮ ಕೊನೆಯ ಆಸರೆಗಳಲ್ಲಿ ಒಂದು, ಎಪ್ಪತ್ತು ವರ್ಷಕ್ಕೂ ಹಳೆಯದಾದ ಮಣ್ಣಿನ ಪೆಪ್ಟೈಡ್. ಹಾಗಾದರೆ ಇನ್ನೊಂದು, ಇದಕ್ಕಿಂತ ಒಳ್ಳೆಯದು, ಮಣ್ಣಿನಲ್ಲೇ ಸಿಗಬಹುದಾ? ಸಿಗುವುದಾದರೆ ಯಾವ ಮಣ್ಣಿನಲ್ಲಿ? ಉಪ್ಪು ಏರಿದ ಸವಳು ಮಣ್ಣಿನಲ್ಲಿ ಹುಡುಕಿ ಎನ್ನುವ ಸಂಶೋಧಕರಿದ್ದಾರೆ. ಆ ಮಾತಿನ ಹಿಂದೆ ಗಟ್ಟಿ ಕಾರಣವಿದೆ. ಅದನ್ನು ಬಿಡಿಸಿ ನೋಡೋಣ.

ಮೊದಲು ಸಮಸ್ಯೆಯ ಗಾತ್ರ. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ, 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಸತ್ತರು. ಇಂಥ ಸೋಂಕಿನ ಜೊತೆ ನಂಟಿದ್ದ ಸಾವುಗಳನ್ನೂ ಸೇರಿಸಿದರೆ 49.5 ಲಕ್ಷ. ಅದೇ ಪತ್ರಿಕೆಯ 2024ರ ಅಂದಾಜು ಇನ್ನೂ ಭಾರ: 2050ರೊಳಗೆ ನೇರವಾಗಿ 3.9 ಕೋಟಿಗೂ ಜಾಸ್ತಿ ಸಾವು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊಸದಾಗಿ ಮಾಡಿದ ಅಪಾಯಕಾರಿ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ, ಕಾರ್ಬಪೆನೆಮ್ ಔಷಧಿಗೂ ಜಗ್ಗದ ಅಸಿನೆಟೋಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ ಗುಂಪು ಅತಿ ತುರ್ತಿನ ಸಾಲಿನಲ್ಲಿವೆ. ಇವೆರಡೂ ನಮ್ಮ ಐಸಿಯುಗಳಿಗೆ ಹೊಸಬರಲ್ಲ.

ಈಗ ಪೆಪ್ಟೈಡ್ ಅಂದರೇನು ನೋಡೋಣ. ಪ್ರೋಟೀನು ಉದ್ದನೆಯ ಹೂವಿನ ಮಾಲೆ ಅಂದುಕೊಳ್ಳಿ. ಪೆಪ್ಟೈಡ್ ಒಂದು ತುಂಡು ಮಾಲೆ. ಹೂವಿನ ಜಾಗದಲ್ಲಿ ಅಮೈನೋ ಆಮ್ಲಗಳು, ಹತ್ತೋ ಇಪ್ಪತ್ತೋ ಐವತ್ತೋ. ಕೊಲಿಸ್ಟಿನ್‌ನಲ್ಲಿ ಇರುವುದು ಹತ್ತೇ. ಏಳು ಸೇರಿ ಒಂದು ಉಂಗುರ, ಮೂರು ಸೇರಿ ಬಾಲ, ಬಾಲದ ತುದಿಗೆ ಒಂದು ಕೊಬ್ಬಿನ ತುಂಡು. ಅಷ್ಟು ಸಣ್ಣ ವಸ್ತು ಒಂದು ಬ್ಯಾಕ್ಟೀರಿಯಾವನ್ನು ಒಡೆದುಹಾಕುತ್ತದೆ.

ಬ್ಯಾಕ್ಟೀರಿಯಾ ಇದನ್ನು ನಮಗೋಸ್ಕರ ಮಾಡುವುದಿಲ್ಲ. ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಊಟ ಕಡಿಮೆ, ಬಾಯಿ ಜಾಸ್ತಿ. ಪಕ್ಕದವನನ್ನು ದೂರ ಇಡಲು ಇವು ಪೆಪ್ಟೈಡ್‌ಗಳನ್ನು ಹೊರಗೆ ಬಿಡುತ್ತವೆ. ಮನುಷ್ಯರು ಇದನ್ನು ಬಳಸಿಕೊಂಡದ್ದು ಪೆನಿಸಿಲಿನ್ ಮಾರುಕಟ್ಟೆಗೆ ಬರುವುದಕ್ಕೂ ಮೊದಲೇ. 1939ರಲ್ಲಿ ರೆನೆ ಡ್ಯೂಬೋ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಮಣ್ಣಿನ ಬ್ಯಾಸಿಲಸ್ ಒಂದರಿಂದ ಗ್ರಾಮಿಸಿಡಿನ್ ತೆಗೆದರು. ಅದೂ ಪೆಪ್ಟೈಡೇ. ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳನ್ನು ಒಡೆಯುತ್ತಿತ್ತು, ಹಾಗಾಗಿ ಗಾಯದ ಮೇಲೆ ಹಚ್ಚುವುದಕ್ಕೆ ಮಾತ್ರ ಉಳಿಯಿತು. ಆಮೇಲೆ ಬ್ಯಾಸಿಟ್ರಾಸಿನ್ ಬಂತು, ಪಾಲಿಮಿಕ್ಸಿನ್ ಬಂತು, ಬೋರ್ನಿಯೋದ ಮಣ್ಣಿನಿಂದ ವ್ಯಾಂಕೋಮೈಸಿನ್ ಬಂತು. ಟರ್ಕಿಯ ಅರಾರತ್ ಬೆಟ್ಟದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಕೊಟ್ಟ ಡ್ಯಾಪ್ಟೋಮೈಸಿನ್‌ಗೆ 2003ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಇವೆಲ್ಲ ಒಂದಲ್ಲ ಒಂದು ಬಗೆಯ ಪೆಪ್ಟೈಡ್‌ಗಳೇ.

ಕೊಲಿಸ್ಟಿನ್ ಸೇರಿ ಬ್ಯಾಕ್ಟೀರಿಯಾ ಕೊಲ್ಲುವ ತುಂಬಾ ಪೆಪ್ಟೈಡ್‌ಗಳ ಕೆಲಸ ನಿಂತಿರುವುದು ಪ್ಲಸ್ ಮತ್ತು ಮೈನಸ್ ಮೇಲೆ. ಬ್ಯಾಕ್ಟೀರಿಯಾದ ಹೊರಮೈ ಮೈನಸ್ ಚಾರ್ಜಿನದು. ಪೆಪ್ಟೈಡ್ ಪ್ಲಸ್ ಚಾರ್ಜಿನದು. ಒಂದನ್ನೊಂದು ಸೆಳೆಯುತ್ತವೆ. ಪೆಪ್ಟೈಡ್ ಹೋಗಿ ಅಂಟಿಕೊಳ್ಳುತ್ತದೆ, ಪದರದೊಳಗೆ ತೂರುತ್ತದೆ, ಒಳಗಿನದು ಹೊರಗೆ ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ಜೀವಕೋಶದ ಹೊರಪದರಕ್ಕೆ ಅಷ್ಟು ಮೈನಸ್ ಇಲ್ಲ. ಜೊತೆಗೆ ಕೊಲೆಸ್ಟರಾಲ್ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಹಾಗಾಗಿ ಒಳ್ಳೆಯ ಪೆಪ್ಟೈಡ್ ಬ್ಯಾಕ್ಟೀರಿಯಾವನ್ನು ಹಿಡಿದು ನಮ್ಮನ್ನು ಬಿಡುತ್ತದೆ.

ಇಲ್ಲಿ ಉಪ್ಪು ಅಡ್ಡ ಬರುತ್ತದೆ.

ಉಪ್ಪು ನೀರಿನಲ್ಲಿ ಕರಗಿದಾಗ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ ಒಡೆಯುತ್ತದೆ. ಸೋಡಿಯಂಗೆ ಪ್ಲಸ್ ಚಾರ್ಜ್ ಇದೆ. ಅದು ಬ್ಯಾಕ್ಟೀರಿಯಾದ ಮೈನಸ್ ಮೈಯ ಸುತ್ತ ಗುಂಪು ಕಟ್ಟುತ್ತದೆ. ಮೆಗ್ನೀಸಿಯಂ, ಕ್ಯಾಲ್ಸಿಯಂ ಇದ್ದರೆ ಅವು ಇನ್ನೂ ಗಟ್ಟಿಯಾಗಿ ಕೂರುತ್ತವೆ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗೆಳೆಯ ರಸ್ತೆಯ ಆ ಬದಿಯಲ್ಲಿ ನಿಂತು ಕೈ ಬೀಸುತ್ತಿರುತ್ತಾನೆ. ಕಾಣುತ್ತಾನೆ. ಆದರೆ ನಡುವೆ ಅಷ್ಟೊಂದು ಜನ, ಹೋಗಿ ತಲುಪಲು ಆಗುವುದಿಲ್ಲ. ಪೆಪ್ಟೈಡ್‌ನ ಗತಿಯೂ ಹಾಗೇ ಆಗುತ್ತದೆ.

ನಮ್ಮ ರಕ್ತ ಎಷ್ಟು ಉಪ್ಪು? ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯ ಮೇಲೆ ಬರೆದಿರುತ್ತದೆ: 0.9%. ರಕ್ತದ ಉಪ್ಪಿಗೆ ಹೊಂದುವಂತೆ ಮಾಡಿದ್ದು ಅದು. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಕಡಿಮೆ ಉಪ್ಪಿನ ದ್ರಾವಣದಲ್ಲಿ ಚುರುಕಾಗಿ ಕೆಲಸ ಮಾಡಿದ ಎಷ್ಟೋ ಪೆಪ್ಟೈಡ್‌ಗಳು ಈ 0.9% ಉಪ್ಪಿನಲ್ಲೇ ಮಂಕಾಗಿಬಿಡುತ್ತವೆ. ಲ್ಯಾಬಿನಲ್ಲಿ ಭರವಸೆ ಹುಟ್ಟಿಸಿದ ಪೆಪ್ಟೈಡ್‌ಗಳು ಔಷಧಿಯಾಗದೆ ಹೋಗಲು ಇದು ಒಂದು ಮುಖ್ಯ ಕಾರಣ. ಪೆಪ್ಟೈಡ್‌ಗಳ ಬಗ್ಗೆ ಉತ್ಸಾಹದಿಂದ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೇ ಇಲ್ಲಿದೆ.

ಉಪ್ಪಿಗೆ ಸೋಲದ ಪೆಪ್ಟೈಡ್ ಇರಲು ಸಾಧ್ಯವೇ? ಸಾಧ್ಯ. ಉದಾಹರಣೆ ನಮ್ಮ ಮೈಮೇಲೇ ಇದೆ. ಬೆವರಿನಲ್ಲಿ ಡರ್ಮ್‌ಸಿಡಿನ್ ಎಂಬ ಪೆಪ್ಟೈಡ್ ಇದೆ ಅಂತ 2001ರಲ್ಲಿ ಗೊತ್ತಾಯಿತು. ಬೆವರು ಉಪ್ಪು, ಜೊತೆಗೆ ಸ್ವಲ್ಪ ಹುಳಿ. ಅಂಥ ಕಡೆಯೂ ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಅದರ ಚಾರ್ಜ್ ಪ್ಲಸ್ ಅಲ್ಲ, ಮೈನಸ್. ಬೇರೆಯವು ನಂಬಿಕೊಂಡ ಪ್ಲಸ್-ಮೈನಸ್ ಸೆಳೆತವನ್ನು ಇದು ನಂಬಿಕೊಂಡಿಲ್ಲ. ಉಪ್ಪಿನ ಜಾಗದಲ್ಲಿ ಕೆಲಸ ಮಾಡಬೇಕಾದಾಗ ಜೀವಿಗಳು ಬೇರೆ ದಾರಿ ಕಂಡುಕೊಂಡಿರುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಉಪ್ಪಿನ ಜಾಗದಲ್ಲೇ ಹುಟ್ಟಿ, ಅಲ್ಲೇ ಜಗಳವಾಡಿ ಉಳಿದ ಬ್ಯಾಕ್ಟೀರಿಯಾಗಳ ಬಳಿ ಏನಿರಬಹುದು?

ನಮ್ಮ ರಾಜ್ಯದಲ್ಲಿ ಅಂಥ ಜಾಗಗಳಿಗೆ ಬರವಿಲ್ಲ. ಬೇಸಿಗೆಯಲ್ಲಿ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಹೋದರೆ ಕೆಲವು ಕಪ್ಪು ಹೊಲಗಳ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪದರ ಕಾಣುತ್ತದೆ. ರೈತರು ಸವಳು ಅನ್ನುತ್ತಾರೆ, ಚೌಳು ಅಂತಲೂ ಅನ್ನುತ್ತಾರೆ. ತುಂಗಭದ್ರೆಯ ಕಾಲುವೆ ನೀರು ಬಂತು, ಭತ್ತ ಬಂತು, ಹೊಲದಲ್ಲಿ ನೀರು ನಿಂತಿತು. ಎರೆಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೇರಿತು, ಜೊತೆಗೆ ಆಳದ ಉಪ್ಪೂ ಏರಿತು. ಬಿಸಿಲಿಗೆ ನೀರು ಆರಿಹೋಯಿತು, ಉಪ್ಪು ಮೇಲೆ ಉಳಿಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಮಣ್ಣಿನ ಬಗ್ಗೆಯೇ ವರ್ಷಗಳಿಂದ ಕೆಲಸ ನಡೆದಿದೆ. ಇತ್ತ ಕರಾವಳಿಯಲ್ಲಿ ಅಘನಾಶಿನಿಯ ಹಿನ್ನೀರಿನ ಗಜನಿ ಭೂಮಿ ಇದೆ. ಸಮುದ್ರದ ಉಬ್ಬರ ಬಂದು ಹೋಗುವ ಆ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಅಲ್ಲಿಂದ ಹತ್ತಿರದಲ್ಲೇ ಸಾಣಿಕಟ್ಟೆಯ ಉಪ್ಪಿನ ಆಗರ. ಬೆಂಗಳೂರಿನ ಕೆಂಪು ಮಣ್ಣು ಸವಳಲ್ಲ ನಿಜ. ಆದರೂ ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ ಟೆರೇಸಿನ ಕುಂಡಗಳನ್ನು ನೋಡಿ. ಅಂಚಿನಲ್ಲಿ ಬಿಳಿ ಕರೆ ಕಟ್ಟಿರುತ್ತದೆ. ಗಡಸು ನೀರಿನ ಲವಣಗಳು ಅವು.

ಇಂಥ ಕಡೆ ಬದುಕುವುದು ಸುಲಭವಲ್ಲ. ಉಪ್ಪಿನಕಾಯಿ ಕೆಡದಿರುವುದು ಯಾಕೆ? ಉಪ್ಪು ಸೂಕ್ಷ್ಮಜೀವಿಯ ಒಳಗಿನ ನೀರನ್ನು ಹೊರಗೆಳೆಯುತ್ತದೆ. ಸವಳು ಮಣ್ಣಿನಲ್ಲೂ ಆಗುವುದು ಅದೇ. ಅಲ್ಲಿನ ಬ್ಯಾಸಿಲಸ್, ಹ್ಯಾಲೋಬ್ಯಾಸಿಲಸ್, ವರ್ಜಿಬ್ಯಾಸಿಲಸ್, ಹ್ಯಾಲೋಮೋನಾಸ್‌ನಂಥವು ಇದಕ್ಕೆ ಒಂದು ಉಪಾಯ ಮಾಡಿಕೊಂಡಿವೆ. ಎಕ್ಟೋಯಿನ್, ಬೀಟೈನ್, ಪ್ರೋಲಿನ್‌ನಂಥ ಸಣ್ಣ ಅಣುಗಳನ್ನು ಒಳಗೆ ತುಂಬಿಕೊಂಡು ಹೊರಗಿನ ಸೆಳೆತಕ್ಕೆ ಸರಿಸಮ ಮಾಡಿಕೊಳ್ಳುತ್ತವೆ. ಉಪ್ಪನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಕ್ಟೋಯಿನ್ ಇವತ್ತು ಚರ್ಮದ ಕ್ರೀಮುಗಳಲ್ಲೂ ಸೇರಿದೆ. ಇವುಗಳಲ್ಲಿ ಉಪ್ಪು ಇಲ್ಲದಿದ್ದರೂ ಬದುಕುವ, ಇದ್ದರೂ ಬದುಕುವ ಬ್ಯಾಕ್ಟೀರಿಯಾಗಳನ್ನು ಉಪ್ಪು ಸಹಿಷ್ಣು ಅನ್ನುತ್ತಾರೆ. ಉಪ್ಪಿಲ್ಲದೆ ಬದುಕಲೇ ಆಗದವು ಬೇರೆ ಗುಂಪು. ಔಷಧಿ ಹುಡುಕುವವರಿಗೆ ಮೊದಲಿನ ಗುಂಪೇ ಅನುಕೂಲ. ಮಾಮೂಲಿ ಲ್ಯಾಬಿನಲ್ಲಿ ಬೆಳೆಸಬಹುದು, ಉಕ್ಕಿನ ಟ್ಯಾಂಕಿಗೆ ಉಪ್ಪಿನ ತುಕ್ಕು ಹಿಡಿಯುವ ಚಿಂತೆ ಕಡಿಮೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬ್ಯಾಕ್ಟೀರಿಯಾ ಉಪ್ಪು ತಡೆದ ಮಾತ್ರಕ್ಕೆ ಅದರ ಪೆಪ್ಟೈಡೂ ಉಪ್ಪು ತಡೆಯುತ್ತದೆ ಅನ್ನಲು ಆಗುವುದಿಲ್ಲ. ಆದರೂ ನಿರೀಕ್ಷೆಗೆ ಆಧಾರ ಇದೆ. ಈ ಬ್ಯಾಕ್ಟೀರಿಯಾದ ಒಳಗಿನ ಪ್ರೋಟೀನುಗಳಿಗೆ ಉಪ್ಪಿನ ಬಿಸಿ ಅಷ್ಟಾಗಿ ತಟ್ಟುವುದಿಲ್ಲ, ಎಕ್ಟೋಯಿನ್ ಅವನ್ನು ಕಾಯುತ್ತದೆ. ಪೆಪ್ಟೈಡ್ ಕಥೆ ಬೇರೆ. ಅದು ಗೋಡೆ ದಾಟಿ ಹೊರಗೆ ಹೋಗಬೇಕು. ಶತ್ರು ಇರುವುದು ಹೊರಗೆ, ಉಪ್ಪಿನ ನೀರಿನಲ್ಲಿ. ಅಲ್ಲಿ ಕೆಲಸ ಮಾಡದ ಪೆಪ್ಟೈಡನ್ನು ಶಕ್ತಿ ಖರ್ಚು ಮಾಡಿ ತಯಾರಿಸುತ್ತಾ ಕೂರುವ ಬ್ಯಾಕ್ಟೀರಿಯಾ ಆ ಹೊಲದಲ್ಲಿ ಹೆಚ್ಚು ದಿನ ಉಳಿಯುವುದು ಕಷ್ಟ. ಅಂದರೆ ನಮ್ಮ ರಕ್ತದಲ್ಲಿ ಎದುರಾಗುವ ಪರೀಕ್ಷೆಯಲ್ಲಿ ಒಂದು ಪತ್ರಿಕೆಯನ್ನು ಅದು ಮಣ್ಣಿನಲ್ಲೇ ಬರೆದು ಬಂದಿರುವ ಸಾಧ್ಯತೆ ಜಾಸ್ತಿ. ಸಾಧ್ಯತೆ ಅಷ್ಟೇ, ಖಾತ್ರಿ ಅಲ್ಲ. ಅದನ್ನು ಅಳೆದೇ ನೋಡಬೇಕು.

ಇನ್ನೊಂದು ವಿಷಯ. ಗಾಯಗಳಲ್ಲಿ ಕಾಡುವ ಸ್ಟೆಫಿಲೋಕಾಕಸ್ ಆರಿಯಸ್ ಕೂಡ ಉಪ್ಪು ತಡೆಯುವ ಜೀವಿಯೇ. ಮೈಕ್ರೋಬಯಾಲಜಿ ಲ್ಯಾಬುಗಳಲ್ಲಿ ಅದನ್ನು ಬೇರೆಯವುಗಳಿಂದ ಬೇರ್ಪಡಿಸಲು 7.5% ಉಪ್ಪು ಹಾಕಿದ ಅಗಾರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ, ಬಳಸುತ್ತಾರೆ. ಅದರ ನೆಂಟರು ಉಪ್ಪಿನ ಮಣ್ಣಿನಲ್ಲೂ ಇರುತ್ತಾರೆ. ಅವರ ಜೊತೆ ಪೈಪೋಟಿ ಮಾಡಿ ಬೆಳೆದ ಬ್ಯಾಸಿಲಸ್ ಬಳಿ ಸ್ಟೆಫಿಲೋಕಾಕಸ್‌ಗೆ ನಾಟುವ ಆಯುಧ ಇದ್ದರೆ ಅಚ್ಚರಿ ಇಲ್ಲ. ಕಡು ಉಪ್ಪಿನಲ್ಲೇ ಬದುಕುವ ಆರ್ಕಿಯಾಗಳು (ಬ್ಯಾಕ್ಟೀರಿಯಾದಂತೆ ಕಾಣುವ, ಆದರೆ ಬೇರೆ ಕುಲದ ಸೂಕ್ಷ್ಮಜೀವಿಗಳು) ಮಾಡುವ ಹ್ಯಾಲೋಸಿನ್ ಎಂಬ ಆಯುಧಗಳ ಬಗ್ಗೆ 1982ರಿಂದಲೇ ಗೊತ್ತು. ಆದರೆ ಅವು ಹೆಚ್ಚಾಗಿ ಕೊಲ್ಲುವುದು ತಮ್ಮ ದಾಯಾದಿಗಳನ್ನೇ. ಔಷಧಿಗೆ ಅಲ್ಲಿಂದ ಬಹಳ ನಿರೀಕ್ಷೆ ಇಟ್ಟುಕೊಳ್ಳುವುದು ಬೇಡ ಅನಿಸುತ್ತದೆ.

ಲ್ಯಾಬಿನಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ? ಮೈಕ್ರೋಬಯಾಲಜಿ ಓದಿದ ಗೆಳತಿಯೊಬ್ಬಳ ಹತ್ತಿರ ಕೂತು ಕೇಳಿದೆ. ಮಣ್ಣನ್ನು ಉಪ್ಪು ನೀರಿನಲ್ಲಿ ಕದಡಿ, ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡುತ್ತಾರೆ. 5% ಅಥವಾ 10% ಉಪ್ಪು ಹಾಕಿದ ಅಗಾರ್ ಪ್ಲೇಟಿನ ಮೇಲೆ ಹರಡುತ್ತಾರೆ. ಬೀಜಕ ಮಾಡುವ ಬ್ಯಾಸಿಲಸ್ ಮಾತ್ರ ಬೇಕಿದ್ದರೆ ಮೊದಲೇ 80 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡುತ್ತಾರೆ, ಉಳಿದವು ಸಾಯುತ್ತವೆ. ಬೆಳೆದ ಒಂದೊಂದು ಕಾಲನಿಯನ್ನೂ ಬೇರೆ ಮಾಡಿ ದ್ರವದಲ್ಲಿ ಬೆಳೆಸುತ್ತಾರೆ. ಆ ದ್ರವವನ್ನು ಸೋಸಿ, ರೋಗದ ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನ ಗುಳಿಗೆ ಹಾಕುತ್ತಾರೆ. ಮಾರನೇ ದಿನ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ವೃತ್ತ ಕಂಡರೆ "ಝೋನ್ ಬಂತು" ಅನ್ನುತ್ತಾರೆ. "ಮೊದಲ ಝೋನ್ ನೋಡಿದ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ" ಅಂದಳು.

ಆ ಖುಷಿಯ ಹಿಂದೆಯೇ ಮೋಸ ಹೋಗುವ ಜಾಗಗಳಿವೆ. ಗುಳಿಗೆ ಹಾಕಿದ ದ್ರವದಲ್ಲಿ ಉಪ್ಪು ಜಾಸ್ತಿ ಇರುತ್ತದೆ. ಕೆಲವು ರೋಗಾಣುಗಳಿಗೆ ಆ ಉಪ್ಪೇ ಸಾಕು. ಆಮ್ಲವೂ ಝೋನ್ ಕೊಡುತ್ತದೆ. ಹಾಗಾಗಿ ಬ್ಯಾಕ್ಟೀರಿಯಾ ಇಲ್ಲದ ಖಾಲಿ ಉಪ್ಪಿನ ದ್ರವವನ್ನೂ ಪಕ್ಕದ ಗುಳಿಗೆ ಹಾಕಿ ಹೋಲಿಸಲೇಬೇಕು. ಆಮೇಲೆ ಪ್ರೋಟೀನು ಕತ್ತರಿಸುವ ಕಿಣ್ವ ಹಾಕಿ ನೋಡಬೇಕು. ಝೋನ್ ಮಾಯವಾದರೆ ಕೆಲಸ ಮಾಡುತ್ತಿದ್ದದ್ದು ಪೆಪ್ಟೈಡ್ ಎನ್ನಲು ಆಧಾರ ಸಿಕ್ಕಿತು. ಮಾಯವಾಗದಿದ್ದರೂ ಕೈಬಿಡುವಂತಿಲ್ಲ, ಉಂಗುರದ ಆಕಾರದ ಎಷ್ಟೋ ಪೆಪ್ಟೈಡ್‌ಗಳು ಕಿಣ್ವಕ್ಕೂ ಬಗ್ಗುವುದಿಲ್ಲ. ಕೊನೆಗೆ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಕ ನೋಡಿದರೆ ಎಷ್ಟೋ ಸಲ ಹೊರಬೀಳುವುದು ಹಳೇ ಸರ್ಫ್ಯಾಕ್ಟಿನ್ನೋ ಬ್ಯಾಸಿಟ್ರಾಸಿನ್ನೋ. ಸಿಕ್ಕಿದ್ದೇ ಮತ್ತೆ ಸಿಗುವ ಈ ಕಾಟದಿಂದಲೇ ದೊಡ್ಡ ಕಂಪನಿಗಳು ಮಣ್ಣಿನಲ್ಲಿ ಹುಡುಕುವುದನ್ನು ದಶಕಗಳ ಹಿಂದೆ ಕಡಿಮೆ ಮಾಡಿದವು.

ಆದರೆ ಮಣ್ಣು ಬರಿದಾಗಿಲ್ಲ. ನಾವು ನೋಡುವ ರೀತಿಯೇ ಸಾಲದಾಗಿತ್ತು. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಮಾಮೂಲಿ ಪ್ಲೇಟಿನ ಮೇಲೆ ಬೆಳೆಯುವುದು ಒಂದು ಸಣ್ಣ ಪಾಲು. 2015ರಲ್ಲಿ ಟೀಕ್ಸೋಬ್ಯಾಕ್ಟಿನ್ ಸಿಕ್ಕಿದ್ದು ಬ್ಯಾಕ್ಟೀರಿಯಾವನ್ನು ಮಣ್ಣಿನೊಳಗೇ ಇಟ್ಟು ಬೆಳೆಸುವ ಐಚಿಪ್ ಎಂಬ ಉಪಕರಣದಿಂದ. 2025ರ ಮಾರ್ಚಿನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲಾರಿಯೋಸಿಡಿನ್ ನನಗೆ ಇನ್ನೂ ಇಷ್ಟವಾಯಿತು. ಕೆನಡಾದ ಹ್ಯಾಮಿಲ್ಟನ್ ನಗರದ ಒಂದು ಮನೆಯ ಹಿತ್ತಲ ಮಣ್ಣು. ಅದರ ಬ್ಯಾಕ್ಟೀರಿಯಾಗಳನ್ನು ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ ಸುಮಾರು ಒಂದು ವರ್ಷ ಹಾಗೇ ಬೆಳೆಯಲು ಬಿಟ್ಟಿತು. ನಿಧಾನವಾಗಿ ಬೆಳೆಯುವವಕ್ಕೂ ಅವಕಾಶ ಸಿಗಲಿ ಅಂತ. ಸಿಕ್ಕಿದ್ದು ಒಂದು ಪೇನಿಬ್ಯಾಸಿಲಸ್, ಕೊಲಿಸ್ಟಿನ್ ಕೊಟ್ಟ ಬ್ಯಾಕ್ಟೀರಿಯಾದ ಕುಲದ್ದೇ. ಅದರ ಪೆಪ್ಟೈಡ್ ಹಗ್ಗದ ಕುಣಿಕೆಯ ಹಾಗೆ ಸುತ್ತಿಕೊಂಡಿದೆ. ಅದು ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿ ಪ್ರೋಟೀನು ತಯಾರಿಕೆ ನಿಲ್ಲಿಸುತ್ತದೆ. ಇಲಿಗಳಲ್ಲಿ ಔಷಧಿಗೆ ಬಗ್ಗದ ಅಸಿನೆಟೋಬ್ಯಾಕ್ಟರ್ ಮೇಲೂ ಕೆಲಸ ಮಾಡಿತು. ಮನುಷ್ಯರಿಗೆ ಕೊಡುವ ಹಂತಕ್ಕೆ ಇನ್ನೂ ದೂರ ಇದೆ. ಆದರೂ ಒಂದು ವರ್ಷ ಕಾಯುವ ತಾಳ್ಮೆಗೆ ಸಿಕ್ಕ ಫಲ ಅದು.

ಸವಳು ಮಣ್ಣಿಗೂ ಅಂಥ ತಾಳ್ಮೆ ಬೇಕು. ಬ್ಯಾಕ್ಟೀರಿಯಾದ ಜೀನೋಮಿನಲ್ಲಿ ಪೆಪ್ಟೈಡ್ ಮಾಡುವ ಜೀನ್ ಗುಂಪುಗಳು ಇರುತ್ತವೆ, ಆದರೆ ಲ್ಯಾಬಿನ ಸುಖದಲ್ಲಿ ಅವುಗಳಲ್ಲಿ ಎಷ್ಟೋ ಸುಮ್ನೆ ಮಲಗಿರುತ್ತವೆ. ಉಪ್ಪು ಏರಿಸಿದಾಗ, ಊಟ ಬದಲಿಸಿದಾಗ, ಪಕ್ಕದಲ್ಲಿ ಇನ್ನೊಂದು ಬ್ಯಾಕ್ಟೀರಿಯಾ ಇಟ್ಟಾಗ ಕೆಲವು ಏಳುತ್ತವೆ. ಒಂದೇ ಉಪ್ಪಿನ ಮಟ್ಟದಲ್ಲಿ ಬೆಳೆಸಿ "ಏನೂ ಇಲ್ಲ" ಅಂತ ಬಿಸಾಡಿದರೆ ಅವಸರವಾಗುತ್ತದೆ.

ಪೆಪ್ಟೈಡ್ ಔಷಧಿಗೆ ಉಪ್ಪೊಂದೇ ಅಡ್ಡಿಯಲ್ಲ. ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ, ಹಾಗಾಗಿ ಹೆಚ್ಚಿನವನ್ನು ಇಂಜೆಕ್ಷನ್ ಮೂಲಕವೇ ಕೊಡಬೇಕು. ರಕ್ತದ ಕಿಣ್ವಗಳು ಕತ್ತರಿಸುತ್ತವೆ. ಕೆಲವು ಕೆಂಪು ರಕ್ತಕಣ ಒಡೆಯುತ್ತವೆ, ಕೆಲವು ಕಿಡ್ನಿಯಲ್ಲಿ ಸೇರಿಕೊಳ್ಳುತ್ತವೆ. ದೇಹದ ಒಂದು ಜಾಗದಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲುತ್ತದೆ. ಡ್ಯಾಪ್ಟೋಮೈಸಿನ್ ನೋಡಿ. ಅದಕ್ಕೆ ಕ್ಯಾಲ್ಸಿಯಂ ಇದ್ದರೇನೇ ಕೆಲಸ ಮಾಡಲು ಆಗುವುದು. ಬೇರೆ ಪೆಪ್ಟೈಡ್‌ಗಳಿಗೆ ಅಡ್ಡಿಯಾಗುವ ಲವಣವೇ ಇದಕ್ಕೆ ಜೊತೆಗಾರ. ಆದರೆ ಶ್ವಾಸಕೋಶದಲ್ಲಿರುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡು ಅದನ್ನು ಹಿಡಿದುಹಾಕುತ್ತದೆ, ಹಾಗಾಗಿ ನ್ಯುಮೋನಿಯಾಗೆ ಅದು ಬರುವುದಿಲ್ಲ. ಯಾವ ಪೆಪ್ಟೈಡ್ ಯಾವ ಜಾಗಕ್ಕೆ ಎಂಬುದನ್ನು ಒಂದೊಂದಾಗಿಯೇ ಕಂಡುಕೊಳ್ಳಬೇಕು.

ಬ್ಯಾಕ್ಟೀರಿಯಾವೂ ಸುಮ್ಮನೆ ಕೂರುವುದಿಲ್ಲ. ಕೊಲಿಸ್ಟಿನ್‌ಗೆ ಪ್ರತಿರೋಧ ಕೊಡುವ ಎಂಸಿಆರ್-1 ಜೀನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು ಎಂಬ ಸುದ್ದಿ 2015ರಲ್ಲಿ ಚೀನಾದಿಂದ ಬಂತು. ಆ ಜೀನು ಮಾಡುವುದು ಸರಳ ಕೆಲಸ: ಹೊರಪದರದ ಮೈನಸ್ ಚಾರ್ಜನ್ನು ಕಡಿಮೆ ಮಾಡುತ್ತದೆ. ಸೆಳೆತವೇ ಹೋಯಿತು. ಹಂದಿ, ಕೋಳಿಗಳ ಆಹಾರಕ್ಕೆ ಬೆಳವಣಿಗೆಗಾಗಿ ಕೊಲಿಸ್ಟಿನ್ ಬೆರೆಸುತ್ತಿದ್ದುದು ಇದನ್ನು ಬೆಳೆಸಿತು. ಭಾರತ 2019ರ ಜುಲೈನಲ್ಲಿ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ನಾಳೆ ಸವಳು ಮಣ್ಣಿನಿಂದ ಒಂದು ಒಳ್ಳೆಯ ಪೆಪ್ಟೈಡ್ ಬಂದರೂ ಅದನ್ನು ಕೋಳಿ ತಿಂಡಿಗೆ ಸುರಿದರೆ ಅದರ ಆಯಸ್ಸು ಅಲ್ಲಿಗೇ ಮುಗಿಯಿತು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಇನ್ನು ನಮ್ಮ ಊರಿನ ವಿಷಯ. ಪೆಪ್ಟೈಡ್ ವಿಜ್ಞಾನ ಬೆಂಗಳೂರಿಗೆ ಹೊಸದಲ್ಲ. ಜಿ.ಎನ್. ರಾಮಚಂದ್ರನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಅಲ್ಲಿ ಪಿ. ಬಲರಾಂ ಅವರು ಅಲಾಮೆಥಿಸಿನ್ ಎಂಬ, ಪದರದಲ್ಲಿ ತೂತು ಮಾಡುವ ಪೆಪ್ಟೈಡ್ ಮತ್ತು ಅದರ ಸಂಬಂಧಿಗಳ ಆಕಾರವನ್ನು ವರ್ಷಗಟ್ಟಲೆ ಬಿಡಿಸಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಪೆಪ್ಟೈಡ್‌ಗಳನ್ನು ಅನುಕರಿಸುವ ಸಣ್ಣ ಅಣುಗಳ ಮೇಲೆ ಕೆಲಸ ನಡೆದಿದೆ. ಕಿಣ್ವ ಕತ್ತರಿಸಲಾಗದಂಥವು, ಮಾಡಲು ಅಗ್ಗವಾದಂಥವು. ಕೃಷಿ ವಿಶ್ವವಿದ್ಯಾಲಯ ಇರುವ ಜಿಕೆವಿಕೆಯಲ್ಲಿ ಮಣ್ಣು ಬಲ್ಲವರಿದ್ದಾರೆ. ಅದೇ ಆವರಣದ ಸಿ-ಕ್ಯಾಂಪ್ ಸಂಸ್ಥೆ ಔಷಧಿ ಪ್ರತಿರೋಧದ ಮೇಲೆ ಕೆಲಸ ಮಾಡುವ ಹೊಸ ಕಂಪನಿಗಳಿಗೆ ಆಸರೆ ಕೊಡುತ್ತದೆ, ಕಾರ್ಬ್-ಎಕ್ಸ್ ಎಂಬ ಜಾಗತಿಕ ನೆರವಿನ ಜಾಲದಲ್ಲೂ ಇದೆ. ಮಣ್ಣಿನಿಂದ ಅಣುವಿನವರೆಗೆ ಬೇಕಾದ ಕೈಗಳೆಲ್ಲ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲೇ ಇವೆ.

ಕೊರತೆ ಇರುವುದು ನಡುವಿನ ದಾರಿಯಲ್ಲಿ. ಝೋನ್ ಬಂತು, ಪಿಎಚ್‌ಡಿ ಆಯಿತು, ಲೇಖನ ಅಚ್ಚಾಯಿತು. ಆಮೇಲೆ ಗ್ರಾಂಗಟ್ಟಲೆ ಶುದ್ಧ ಪೆಪ್ಟೈಡ್ ಮಾಡಬೇಕು, ಪ್ರಾಣಿಗಳಲ್ಲಿ ವಿಷ ಪರೀಕ್ಷೆ ಮಾಡಬೇಕು, ಮನುಷ್ಯರಲ್ಲಿ ಪ್ರಯೋಗ ಮಾಡಬೇಕು. ಅದಕ್ಕೆ ಬೇಕಾದ ಹಣ ಬೇರೆ ಮಟ್ಟದ್ದು. ಕ್ಷಯ ಮತ್ತು ಮಲೇರಿಯಾ ಔಷಧಿಗಳ ಮೇಲೆ ಕೆಲಸ ಮಾಡುತ್ತಿದ್ದ ಆಸ್ಟ್ರಾಜೆನೆಕಾದ ಬೆಂಗಳೂರು ಸಂಶೋಧನಾ ಕೇಂದ್ರವನ್ನು ಮುಚ್ಚುವ ನಿರ್ಧಾರ 2014ರಲ್ಲಿ ಹೊರಬಿತ್ತು. ಅಲ್ಲಿಂದ ಬಂದ ಕೆಲವರು ಬಗ್‌ವರ್ಕ್ಸ್ ಕಟ್ಟಿ ಹೊಸ ಆಂಟಿಬಯಾಟಿಕ್ ಹುಡುಕಾಟ ಮುಂದುವರಿಸಿದ್ದಾರೆ. ಅದು ಪೆಪ್ಟೈಡ್ ಅಲ್ಲ, ಆದರೆ ದಾರಿ ಒಂದೇ. ಅಮೆರಿಕದ ಅಕಾವೊಜೆನ್ ಕಂಪನಿಯ ಹೊಸ ಆಂಟಿಬಯಾಟಿಕ್‌ಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತ್ತು. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿಯಾಯಿತು. ಹೊಸ ಆಂಟಿಬಯಾಟಿಕ್ ಅಂದರೆ ಆದಷ್ಟು ಕಡಿಮೆ ಬಳಸಬೇಕಾದ ಔಷಧಿ. ಕಡಿಮೆ ಮಾರಾಟದಿಂದ ಕಂಪನಿ ಬದುಕುವುದು ಹೇಗೆ? ಮಾರಾಟವನ್ನು ನೆಚ್ಚದೆ, ಔಷಧಿ ಸಿದ್ಧವಾಗಿ ಇದೆ ಎಂಬುದಕ್ಕೇ ಸರ್ಕಾರ ವರ್ಷಕ್ಕಿಷ್ಟು ಅಂತ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ ಶುರುವಾಗಿದೆ. ನಮ್ಮಲ್ಲೂ ಅಂಥದ್ದು ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಐಸಿಯುಗಿಂತ ಮೊದಲು ಈ ಹುಡುಕಾಟದ ಲಾಭ ಹೊಲಕ್ಕೆ ಸಿಗಬಹುದು. ಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಮಾಡುವ ಇಟುರಿನ್, ಫೆಂಜಿಸಿನ್ ಎಂಬ ಪೆಪ್ಟೈಡ್‌ಗಳು ಬೆಳೆಗೆ ಬರುವ ಶಿಲೀಂಧ್ರಗಳನ್ನು ತಡೆಯುತ್ತವೆ. ಬ್ಯಾಸಿಲಸ್ ಪುಡಿ ಗೊಬ್ಬರದ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಸವಳು ಹೊಲಕ್ಕೆ ಹಾಕಿದರೆ ಮಾಮೂಲಿ ತಳಿ ಉಪ್ಪಿಗೆ ಸೊರಗಬಹುದು. ಅದೇ ಹೊಲದಲ್ಲಿ ಹುಟ್ಟಿದ ತಳಿ ಅಲ್ಲಿ ನಿಲ್ಲುವ ಸಾಧ್ಯತೆ ಜಾಸ್ತಿ. ಇದಕ್ಕೆ ರಕ್ತದ ಪರೀಕ್ಷೆ ಬೇಡ, ವರ್ಷಗಟ್ಟಲೆ ಆಸ್ಪತ್ರೆ ಪ್ರಯೋಗ ಬೇಡ. ಆ ರೈತರು ಉಪ್ಪಿನಿಂದ ಕಳೆದುಕೊಂಡದ್ದು ಸಾಕಷ್ಟಿದೆ. ಅವರ ಮಣ್ಣಿನ ಬ್ಯಾಕ್ಟೀರಿಯಾದಿಂದ ಪೇಟೆಂಟ್ ಮಾಡುವವರು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು ಇಲ್ಲವೇ ಅಲ್ಲಿ ನೋಂದಾಯಿಸಿಕೊಳ್ಳಬೇಕು, ಲಾಭ ಹಂಚಿಕೊಳ್ಳಬೇಕು ಅಂತ 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯಲ್ಲಿ ಸೂಕ್ಷ್ಮಜೀವಿಗಳೂ ಸೇರಿವೆ. ಊರಿನವರಿಗೆ ಇದು ಗೊತ್ತಿರಬೇಕು.

ಉಪ್ಪಿನ ಮಣ್ಣಿನಲ್ಲಿ ಹೊಸ ಪೆಪ್ಟೈಡ್ ಸಿಕ್ಕಿತು ಎಂಬ ಸುದ್ದಿ ಆಗಾಗ ಓದುತ್ತೇವೆ, ಅಲ್ವಾ? ಮುಂದಿನ ಸಲ ಓದಿದಾಗ ಕೆಲವು ಪ್ರಶ್ನೆ ಕೇಳಿಕೊಳ್ಳಿ. 0.9% ಉಪ್ಪಿನಲ್ಲಿ ಅದನ್ನು ಪರೀಕ್ಷಿಸಿದ್ದಾರಾ? ಮೆಗ್ನೀಸಿಯಂ, ಕ್ಯಾಲ್ಸಿಯಂ ಸೇರಿಸಿ ನೋಡಿದ್ದಾರಾ? ಮನುಷ್ಯರ ಸೀರಮ್, ಅಂದರೆ ರಕ್ತದ ತಿಳಿ ದ್ರವ, ಬೆರೆಸಿದ ಮೇಲೂ ಕೆಲಸ ಮಾಡಿತಾ? ಎಷ್ಟು ಪ್ರಮಾಣದಲ್ಲಿ ಬ್ಯಾಕ್ಟೀರಿಯಾ ಸತ್ತಿತು, ಎಷ್ಟು ಪ್ರಮಾಣದಲ್ಲಿ ಕೆಂಪು ರಕ್ತಕಣ ಒಡೆಯಿತು, ಎರಡರ ನಡುವೆ ಅಂತರ ಎಷ್ಟು? ಕಿಡ್ನಿಯ ಕೋಶಗಳ ಮೇಲೆ ಹಾಕಿ ನೋಡಿದ್ದಾರಾ? ಲ್ಯಾಬಿನಲ್ಲಿ ಸಾಕಿದ ಮೆತ್ತನೆಯ ಇ. ಕೋಲಿಯನ್ನು ಕೊಂದಿತಾ, ಇಲ್ಲಾ ನಮ್ಮ ಆಸ್ಪತ್ರೆಗಳ ರೋಗಿಗಳಿಂದ ತೆಗೆದ, ರಿಪೋರ್ಟ್ ತುಂಬಾ ಆರ್ ಬರೆಸಿಕೊಂಡ ಕ್ಲೆಬ್ಸಿಯೆಲ್ಲಾವನ್ನಾ?